ಹೊರರಾಜ್ಯದ ಕೆಲಸಗಾರರು ಮತ್ತು ಸಂಘದ ನೀತಿ

ಪ್ರಶ್ನೆ: ನಮ್ಮದು ಅಡಿಕೆ ಬೆಳೆಗಾರರ ಸಹಕಾರ ಸಂಘ. ಸದಸ್ಯರ ತೋಟಗಳಲ್ಲೂ ಸಂಘದ ಸುಲಿತದ ಮನೆಯಲ್ಲೂ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳು ದುಡಿಯುತ್ತಿವೆ. ಅವರನ್ನು ಒಳಗೊಳ್ಳುವ ಲಿಖಿತ ನೀತಿಯೊಂದನ್ನು ಸಿದ್ಧಪಡಿಸುವ ಹೊಣೆಯನ್ನು ಆಡಳಿತ ಮಂಡಳಿ ನನಗೆ ವಹಿಸಿದೆ. ಆದರೆ ಕೊಯ್ಲು ಮುಗಿದೊಡನೆ ಹೊರಟುಹೋಗುವವರಿಗೆ ನೀತಿ ಏಕೆ ಎಂದು ಕೆಲವು ನಿರ್ದೇಶಕರು ಕೇಳುತ್ತಿದ್ದಾರೆ. ಎಲ್ಲಿಂದ ಆರಂಭಿಸಲಿ?
– ಕಾರ್ಯದರ್ಶಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿರ್ದೇಶಕರ ಸಂದೇಹವನ್ನು ಮೊದಲು ಪರಿಹರಿಸಿ. ಕೊಯ್ಲು ಇನ್ನೂ ನಡೆಯುತ್ತಿರುವಾಗಲೇ ಮಂಗನ ಕಾಯಿಲೆಯ ಕಾಲವೂ ಆರಂಭವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗಿನಿಂದ ಹರಡುತ್ತದೆ ಎಂಬುದು ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ತಿಳಿದಿದೆ. ಸೌದೆಗೋ ದರಗಿಗೋ ಕಾಡಿಗೆ ಹೋಗುವ, ಕನ್ನಡದ ಎಚ್ಚರಿಕೆ ಫಲಕವನ್ನು ಓದಲಾಗದ ಹೊಸಬರಿಗೆ ಅದನ್ನು ಹೇಳುವವರು ಯಾರು? ನಾಲ್ಕೇ ತಿಂಗಳು ಇರುವವರಿಗೆ ಎಲ್ಲವೂ ಮೊದಲ ವಾರದಲ್ಲೇ ತಲುಪಬೇಕಾಗಿರುವುದರಿಂದಲೇ ನೀತಿ ಬರಹದಲ್ಲಿರಬೇಕು.

ಕರಡು ಬರೆಯುವ ಮುನ್ನ ಕೆಲಸಗಾರರೊಡನೆ ಅವರ ಭಾಷೆ ಬಲ್ಲವರ ಮೂಲಕ, ಮೇಸ್ತ್ರಿ ಎದುರಿಗಿಲ್ಲದಾಗ ಮಾತನಾಡಿ. ಹೆಂಗಸರನ್ನು ಬೇರೆಯಾಗಿಯೇ ಕೇಳಿ. ಬಚ್ಚಲು, ಬಾಣಂತನ, ಮಕ್ಕಳ ವಿಷಯ ಗಂಡಸರ ಸಭೆಯಲ್ಲಿ ಬಾಯಿಗೆ ಬರುವುದಿಲ್ಲ.

ಅವರಿಗೆ ಕಾನೂನು ಈಗಾಗಲೇ ಕೊಟ್ಟಿರುವುದನ್ನು ದೊರಕಿಸಿಕೊಡುವುದೇ ನೀತಿಯ ಮುಖ್ಯ ಕೆಲಸ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ 2022ರ ಜೂನ್‌ನಲ್ಲಿ ಅಸ್ಸಾಂ ಕೂಡ ಸೇರಿರುವುದರಿಂದ, ಆಹಾರ ಭದ್ರತಾ ಕಾಯ್ದೆಯ ಚೀಟಿ ಇರುವವರು ತಮ್ಮ ಪಾಲನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಪಡೆಯಬಹುದು. ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಮಕ್ಕಳಿಗೆ ಶಾಲಾ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಸಂಘದ ಒಬ್ಬ ಸಿಬ್ಬಂದಿ ಹೊಣೆಯೆಂದು ನೀತಿಯಲ್ಲೇ ನಮೂದಿಸಿ. ‘ಎಲ್ಲರನ್ನೂ ಸಮಾನವಾಗಿ ಕಾಣಲಾಗುವುದು’ ಎಂಬ ವಾಕ್ಯವೊಂದರಿಂದ ಯಾವ ಮಗುವೂ ಶಾಲೆ ಸೇರುವುದಿಲ್ಲ.

ಕಠಿಣವಾದುದು ಸದಸ್ಯರ ತೋಟಗಳ ವಿಷಯ. ಅಲ್ಲಿ ಸಂಘಕ್ಕೆ ನೇರ ಅಧಿಕಾರವಿಲ್ಲ. ಆದ್ದರಿಂದ ಆಡಳಿತ ಮಂಡಳಿಯ ಸುತ್ತೋಲೆಯಷ್ಟೇ ಸಾಲದು, ಸರ್ವಸದಸ್ಯರ ಸಭೆಯೇ ನೀತಿಯನ್ನು ಅಂಗೀಕರಿಸಬೇಕು. ಕೂಲಿಯನ್ನು ಮೇಸ್ತ್ರಿಯ ಕೈಗಲ್ಲದೆ ಕೆಲಸಗಾರರ ಖಾತೆಗೇ ಕೊಡುವುದು, ಯಾರ ಆಧಾರ್ ಕಾರ್ಡನ್ನೂ ಒತ್ತೆಯಿಟ್ಟುಕೊಳ್ಳದಿರುವುದು, ಒಂದೇ ಕೆಲಸಕ್ಕೆ ಊರಿನವರಿಗೂ ಹೊರಗಿನವರಿಗೂ ಒಂದೇ ಕೂಲಿ ಕೊಡುವುದು, ಈ ಮೂರರಲ್ಲಿ ರಾಜಿ ಬೇಡ. ಸಭೆಯಲ್ಲಿ ವಿರೋಧ ಬಂದೀತು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆಮಠ ಮುಳುಗಿ ಬೇರೆಡೆ ನೆಲೆ ಹುಡುಕಿಕೊಂಡ ಕುಟುಂಬಗಳ ಹಿರಿಯರು ನಿಮ್ಮ ಸದಸ್ಯರಲ್ಲಿದ್ದರೆ, ಅವರಿಗೆ ಮೊದಲು ಮಾತನಾಡಲು ಅವಕಾಶ ಕೊಡಿ. ದೂರು ಕೇಳುವ ಸಮಿತಿಯಲ್ಲಿ ಕೆಲಸಗಾರರ ಪೈಕಿ ಕನಿಷ್ಠ ಇಬ್ಬರಿರಲಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಮುಂದಿನ ಕೊಯ್ಲಿಗೆ ಮುನ್ನ ನೀತಿಯನ್ನು ಅವರ ಮುಂದೆಯೇ ಓದಿ ತಿದ್ದಿ.