ಒಂದು ಬಿಯರ್, ಒಂದು ಗಂಟೆ: ಲೆಕ್ಕ ಸರಿ ಹೋಗಲ್ಲ

"ಐದು ಜನ ಹೋಗ್ತಿದೀವಿ, ಡ್ರೈವಿಂಗ್ ನಂದೇ. ಒಂದೇ ಒಂದು ಬಿಯರ್ ಕುಡಿದು, ಒಂದು ಗಂಟೆ ಬಿಟ್ಟು ಹೊರಟರೆ ಪರವಾಗಿಲ್ವಾ?" ಎಂದು ಕೇಳಿದ್ದೀರಿ. ಬೇಡ ಸರ್.

ನಮ್ಮಲ್ಲಿ ಗಾಡಿ ಓಡಿಸುವವರಿಗೆ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. 650 ಮಿಲಿಯ ಮೈಲ್ಡ್ ಬಿಯರ್ ಬಾಟಲಿ ಒಂದೇ ಸಾಕು, 70 ಕೆಜಿ ತೂಕದ ಗಂಡಸಿಗೆ ಆ ಪ್ರಮಾಣ ಸುಮಾರು 50 ತಲುಪುತ್ತದೆ. ಇಳಿಯುವುದು ಗಂಟೆಗೆ 15ರಷ್ಟು ಮಾತ್ರ, ಅಂದರೆ ಒಂದು ಗಂಟೆ ಬಿಟ್ಟರೂ ಮಿತಿಗಿಂತ ಮೇಲೆಯೇ. ಸ್ಟ್ರಾಂಗ್ ಆದರೆ ಇನ್ನೂ ಜಾಸ್ತಿ. ಕಾಫಿ, ಮಜ್ಜಿಗೆ, ನಿಂಬೆಹಣ್ಣು ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಸಿಕ್ಕಿಬಿದ್ದರೆ ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ನಮ್ಮ ಗುಂಪಿನಲ್ಲಿ ಹೆಚ್ಚಾಗಿ ಡ್ರೈವರ್ ನಾನೇ. ಕೂತ ತಕ್ಷಣ ಲೈಮ್ ಸೋಡಾ ತರಿಸಿಕೊಳ್ಳುತ್ತೇನೆ. ಕೈಯಲ್ಲಿ ಗ್ಲಾಸ್ ಇದ್ದರೆ ಯಾರೂ ಸುಮ್ನೆ ಒತ್ತಾಯ ಮಾಡುವುದಿಲ್ಲ. ಕಾರಿನ ಕೀ ಮೊದಲೇ ನನ್ನ ಜೇಬಿಗೆ. ಬಿಲ್‌ನಲ್ಲಿ ನನ್ನ ಪಾಲು ಊಟದ್ದು ಮಾತ್ರ. ಇದನ್ನು ಹೋಗುವ ಮುಂಚೆಯೇ ಹೇಳಿಬಿಡಿ, ಇಲ್ಲದಿದ್ದರೆ ಆಮೇಲೆ ಮುಖ ಮುಖ ನೋಡಿಕೊಂಡು ಕೂರಬೇಕಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎರಡು ಪ್ಲಾಸ್ಟಿಕ್ ಕವರ್ ಇಟ್ಟಿರಿ. ಯಾಕೆ ಅಂತ ಹೇಳಬೇಕಿಲ್ಲ ಅಲ್ವಾ?

ಮುಂದಿನ ಸಲದ ಸರದಿ ಯಾರದ್ದು ಅಂತ ಅವತ್ತೇ, ಅವರು ಮೊದಲ ಗ್ಲಾಸ್ ಮುಟ್ಟುವ ಮುಂಚೆ, ಒಪ್ಪಿಸಿಕೊಳ್ಳಿ.