ಹೆಡ್ ಇರುವಾಗ ಮೇಬಿ ಯಾಕೆ?

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲಿಸ್ಟಿನ ಮೊದಲ ಸಂಖ್ಯೆ ತೆಗೆಯಲು ಹೆಡ್ ಎಂಬ ಫಂಕ್ಷನ್ ಇರುವಾಗ ಮೇಬಿ (ಮೌಲ್ಯ ಇರಬಹುದು, ಇಲ್ಲದಿರಬಹುದು ಎನ್ನುವ ಟೈಪ್) ಯಾಕೆ ಅಂತ ಕೇಳಿದ್ದೀರಿ. ಲಿಸ್ಟ್ ಖಾಲಿ ಇದ್ದರೆ ಹೆಡ್ ಏನು ಕೊಡಬೇಕು, ಹೇಳಿ? ಪ್ರೋಗ್ರಾಮೇ ಅಲ್ಲಿ ಬಿದ್ದುಹೋಗುತ್ತದೆ. ಹೆಡ್‌ನ ಟೈಪ್, ಅಂದರೆ ಅದು ಏನು ತೆಗೆದುಕೊಂಡು ಏನು ಕೊಡುತ್ತದೆ ಎಂಬ ವಿವರ, ನೋಡಿದರೆ ಈ ಅಪಾಯದ ಸುಳಿವೇ ಇಲ್ಲ, ನನಗೆ ಬೇಸರ ಅದೇ.

ಮೇಬಿ ಕೊಡುವ ಲಿಸ್ಟ್‌ಟುಮೇಬಿ ಫಂಕ್ಷನ್ ಹಾಗಲ್ಲ. 5, 7 ಇರುವ ಲಿಸ್ಟ್ ಕೊಟ್ಟರೆ ಜಸ್ಟ್ 5 (5 ಇದೆ ಅಂತ) ಬರುತ್ತದೆ, ಖಾಲಿ ಲಿಸ್ಟಿಗೆ ನಥಿಂಗ್ (ಏನೂ ಇಲ್ಲ ಅಂತ). ಜಸ್ಟ್ 5ಕ್ಕೆ ಸುಮ್ನೆ 1 ಕೂಡಿಸಲು ಹೋದರೆ ಕಂಪೈಲರ್ ಬಿಡುವುದಿಲ್ಲ, ಅದು ಬರೀ ಸಂಖ್ಯೆಯಲ್ಲವಲ್ಲ. ಒಳಗಿನ ಮೌಲ್ಯದ ಮೇಲೆ ಲೆಕ್ಕ ಮಾಡುವ ಎಫ್‌ಮ್ಯಾಪ್ ಮೂಲಕ ಕೂಡಿಸಿ: ಜಸ್ಟ್ 6 ಸಿಗುತ್ತದೆ, ನಥಿಂಗ್ ಇದ್ದದ್ದು ನಥಿಂಗ್ ಆಗಿಯೇ ಉಳಿಯುತ್ತದೆ.

ಆದರೆ ಶುರುವಿನಲ್ಲಿ ಕೇಸ್ (ಒಂದೊಂದು ಸಾಧ್ಯತೆಗೂ ಏನು ಮಾಡಬೇಕೆಂದು ಹೇಳುವ ರಚನೆ) ಬರೆದು ಜಸ್ಟ್, ನಥಿಂಗ್ ಎರಡನ್ನೂ ಕೈಯಾರೆ ಬಿಡಿಸಿ, ಅದರಲ್ಲೇ ಜಾಸ್ತಿ ಕಲಿಯುತ್ತೀರಿ. ಕಂಪೈಲರಿನ ಎಚ್ಚರಿಕೆಗಳನ್ನೆಲ್ಲ ಆನ್ ಮಾಡಿಕೊಳ್ಳಿ. ನಥಿಂಗ್ ಮರೆತರೆ ಅದೇ ನೆನಪಿಸುತ್ತದೆ. ಇಂಥ ಲೆಕ್ಕಗಳನ್ನು ಒಂದರ ಹಿಂದೊಂದು ಜೋಡಿಸುವ ಮೊನಾಡ್ ಸದ್ಯಕ್ಕೆ ಬೇಡ.