ಕ್ಯಾಮೆರಾ ಆಮೇಲೆ ಬದಲಾಯಿಸಿ, ಯಕ್ಷಗಾನದ ಚೌಕಿ ಫೋಟೋ ಈ ತಿರುಗಾಟದಲ್ಲೇ ತೆಗೀರಿ

ನಿಮ್ಮ ಪೋಸ್ಟ್ ನಿನ್ನೆ ರಾತ್ರಿಯೇ ನೋಡಿದೆ. ನಿಮ್ಮ ಹತ್ರ ನಿಕಾನ್ ಡಿ7200 ಕ್ಯಾಮೆರಾ ಉಂಟು, 18-140 ಝೂಮ್ ಲೆನ್ಸ್ ಉಂಟು, 50 ಎಂಎಂ 1.8ಡಿ ಲೆನ್ಸ್ ಉಂಟು. ಊರಿನ ಯಕ್ಷಗಾನ ಮೇಳದ ಜೊತೆ ಒಂದು ತಿರುಗಾಟ, ಅಂದ್ರೆ ಊರೂರು ಸುತ್ತಿ ಆಟ ಆಡುವ ಒಂದು ಸೀಸನ್, ಪೂರ್ತಿ ಓಡಾಡಿ ಫೋಟೋ ಸ್ಟೋರಿ ಮಾಡ್ಬೇಕು ಅಂತ ಆಸೆಯೂ ಉಂಟು. ಆದ್ರೆ "ಡಿಎಸ್‌ಎಲ್‌ಆರ್ ಕಾಲ ಮುಗೀತು, ಎಲ್ಲ ಮಾರಿ ದುಡ್ಡು ಸೇರಿಸಿ ಫುಲ್‌ಫ್ರೇಮ್ ಮಿರರ್‌ಲೆಸ್ ತಗೊಂಡು ಮುಂದಿನ ವರ್ಷ ಶುರು ಮಾಡ್ತೇನೆ" ಅಂತ ಬರ್ದಿದ್ದೀರಿ. ಅಂದ್ರೆ ಒಳಗೆ ಕನ್ನಡಿ ಇರುವ ಈ ಕ್ಯಾಮೆರಾ ಕೊಟ್ಟು, ಕನ್ನಡಿ ಇಲ್ಲದ, ದೊಡ್ಡ ಸೆನ್ಸರಿನದ್ದು ತಗೊಳ್ಳುವುದು. ಕೆಳಗೆ ಎಲ್ಲರೂ ಬಂದು ಝಡ್6 ತ್ರೀ ತಗೊಳ್ಳಿ, ಆರ್6 ಮಾರ್ಕ್ ಟೂ ತಗೊಳ್ಳಿ, ಸೋನಿ ಬಿಟ್ಟು ಬೇರೆ ನೋಡ್ಲೇಬೇಡಿ ಅಂತ ಹೇಳಿದ್ದಾರೆ. ಮುಂದಿನ ವರ್ಷ ಯಾಕೆ, ಈ ವರ್ಷ ಎಂತ ಆಗಿದೆ ಅಂತ ಒಬ್ರೂ ಕೇಳ್ಲಿಲ್ಲ. ನಾನು ಕೇಳ್ತಿದ್ದೇನೆ, ಯಾಕಂದ್ರೆ ಇದೇ ಮಾತು 2017ರಲ್ಲಿ ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದ ಮರುವಾರ ನಾನು ಹೇಳಿದ್ದೆ, ಹೇಳಿದ ಹಾಗೇ ಮಾಡಿಯೂ ಬಿಟ್ಟೆ.

ಆಗ ನನ್ನ ಹತ್ರ ಹಳೇ ಡಿ90 ಇತ್ತು, ಎರಡು ಲೆನ್ಸ್ ಇತ್ತು. ಮಳೆಗಾಲದಲ್ಲಿ ಮಾರಿದೆ, ದೀಪಾವಳಿಗೆ ಮೊದಲು ಹೊಸತು ತಗೊಳ್ಳೋದು ಅಂತ ಲೆಕ್ಕ. ದೀಪಾವಳಿ ಬಂತು, ಇನ್ನೇನೋ ಬರ್ತದಂತೆ ಕಾಯಿರಿ ಅಂದ್ರು, ಕಾದೆ. 2018 ಫೆಬ್ರವರಿಯಲ್ಲಿ ಸೋನಿ ಎ7 ತ್ರೀ ಬಂತು, ನಿಕಾನ್‌ನವರದ್ದೂ ಬರ್ತದೆ ಅಂದ್ರು, ಆಗಸ್ಟ್‌ನಲ್ಲಿ ಝಡ್ ಬಂತು, ಮರುತಿಂಗಳು ಕ್ಯಾನನ್ ಆರ್ ಬಂತು, ಮೊದಲನೇ ಜನರೇಶನ್ ತಗೊಳ್ಬೇಡಿ ಅಂತ ಇಂಥದ್ದೇ ಗುಂಪಿನಲ್ಲಿ ಇಂಥವರೇ ಹೇಳಿದ್ರು. ಹೀಗೆ ಎರಡು ತಿರುಗಾಟ ಕೈಯಲ್ಲಿ ಕ್ಯಾಮೆರಾ ಇಲ್ಲದೆ ಹೋಯ್ತು. ನಾನು ಯಾರ ಹಿಂದೆ ಒಂದು ವರ್ಷ ಓಡಾಡ್ಬೇಕು ಅಂತ ಇದ್ದೆನೋ ಆ ಬಣ್ಣದ ವೇಷಧಾರಿ (ರಾಕ್ಷಸ ಪಾತ್ರ ಮಾಡುವವರು), ತೆಂಕುತಿಟ್ಟಿನಲ್ಲಿ ಹೆಸರು ಮಾಡಿದವರು, ಮೊಣಕಾಲು ಕೊಟ್ಟು 2019ರ ಪತ್ತನಾಜೆಗೆ ಮೇಳ ಬಿಟ್ರು. ನಾನು ಕ್ಯಾಮೆರಾ ತಗೊಂಡದ್ದು ಅದೇ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ.

ಆ ವರ್ಷ ತಿರುಗಾಟ ಶುರುವಾದ ಮೇಲೆ ಹೊಸ ಕ್ಯಾಮೆರಾ ಹಿಡ್ಕೊಂಡು ಮೊದಲು ಹೋದದ್ದು ಒಂದು ದೇವಿಮಹಾತ್ಮೆ ಆಟಕ್ಕೆ. ಮಹಿಷಾಸುರ ಜನರ ನಡುವಿನಿಂದ ದೊಂದಿ ಹಿಡ್ಕೊಂಡು ಬರ್ತಾನಲ್ಲ, ರಾಳ ಎರಚ್ತಾರೆ, ಬೆಂಕಿ ಏಳ್ತದೆ, ನಾನು ಬಟನ್ ಒತ್ತಿದ ಬೆರಳು ಎತ್ತಲೇ ಇಲ್ಲ. ಬೆಳಿಗ್ಗೆ ನೋಡಿದ್ರೆ 3140 ಫ್ರೇಮ್. ಒಂದು ನಾನೂರು ಬಿಟ್ರೆ ಎಲ್ಲ ಶಾರ್ಪ್, ಎಲ್ಲ ಕ್ಲೀನ್. ಮೂರು ವಾರ ಕೂತು ಆರಿಸಿ ಅರುವತ್ತು ಮಾಡಿದೆ. ಮರುತಿಂಗಳು ಲ್ಯಾಪ್‌ಟಾಪ್ ಹಿಡ್ಕೊಂಡು ಮೇಳ ಬಿಟ್ಟ ಆ ಹಿರಿಯ ವೇಷಧಾರಿಯ ಮನೆಗೆ ಹೋದೆ. ನೋಡಿದ್ರು, ಚಂದ ಬಂದಿದೆ ಅಂದ್ರು, ಕಾಫಿ ಕೊಟ್ರು. ಆಮೇಲೆ ಒಳಗೆ ಹೋಗಿ ಗೋಡೆಯಿಂದ ಒಂದು ಫೋಟೋ ಇಳಿಸಿಕೊಂಡು ಬಂದ್ರು. ಅದು 1998ರಲ್ಲಿ ನಾನೇ ತೆಗೆದದ್ದು, ಮಾವನ ಯಾಶಿಕಾ ಎಫ್‌ಎಕ್ಸ್3ರಲ್ಲಿ, ಇಡೀ ರಾತ್ರಿಗೆ ಒಂದೇ ಕೊಡಕ್ ರೋಲು, 36 ಫ್ರೇಮು. ಚೌಕಿಯಲ್ಲಿ, ಅಂದ್ರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ಚಾಪೆ ಮೇಲೆ ಕೂತು ಮುಖಕ್ಕೆ ಚುಟ್ಟಿ (ಮುಳ್ಳಿನಂಥ ಬಿಳಿ ಚುಕ್ಕಿ) ಇಡ್ತಿದ್ದಾರೆ, ಪಕ್ಕದಲ್ಲಿ ಗೆರಟೆಯಲ್ಲಿ ಅಕ್ಕಿಹಿಟ್ಟು-ಸುಣ್ಣ ಕಲಸಿದ್ದು, ಎದುರಿಗೆ ಒಬ್ಬ ಹುಡುಗ ಒಡೆದ ಕನ್ನಡಿ ಹಿಡ್ಕೊಂಡು ನಿದ್ದೆ ತೂಗ್ತಿದ್ದಾನೆ, ಅಡಿಕೆ ಮರದ ಕಂಬಕ್ಕೆ ಕಟ್ಟಿದ ಟ್ಯೂಬ್‌ಲೈಟು. ಟ್ಯೂಬ್ ಬೆಳಕಿಗೆ ಡೇಲೈಟ್ ಫಿಲ್ಮ್ ಹಾಕಿದ್ರೆ ಹಸಿರು ಹೊಡೀತದಲ್ಲ, ಮುಖ ಎಲ್ಲ ಹಸಿರು. ಶಟರ್ 1/30 ಸೆಕೆಂಡಿನಲ್ಲಿ ತೆಗೆದದ್ದು, ಕೈ ಸ್ವಲ್ಪ ಅಲ್ಲಾಡಿದೆ.

ಆ ಫೋಟೋ ಮುಂದಿಟ್ಟುಕೊಂಡು ಅವರು ಒಂದೂವರೆ ಗಂಟೆ ಮಾತಾಡಿದ್ರು. ಆ ಹುಡುಗ ಯಾರು, ಈಗ ಯಾವ ಮೇಳದಲ್ಲಿ ಎಂತ ವೇಷ ಮಾಡ್ತಾನೆ, ಆ ಗದ್ದೆ ಯಾರದ್ದು, ಅಲ್ಲಿ ಈಗ ರಸ್ತೆ ಬಂದದ್ದು, ಚುಟ್ಟಿಗೆ ಅಕ್ಕಿ ಎಷ್ಟು ಹೊತ್ತು ನೆನೆಹಾಕ್ಬೇಕು, ಸುಣ್ಣ ಜಾಸ್ತಿ ಆದ್ರೆ ಕೆನ್ನೆ ಹೇಗೆ ಉರೀತದೆ, ಆ ರಾತ್ರಿ ಮಳೆ ಬಂದು ಆಟ ನಿಂತದ್ದು. ನನ್ನ 3140ರ ಬಗ್ಗೆ ಒಂದು ವಾಕ್ಯ. ಅದ್ರಲ್ಲಿ ಚೌಕಿಯದ್ದು ಒಂದೂ ಇರ್ಲಿಲ್ಲ ಅಂತ ನನಗೆ ಗೊತ್ತಾದದ್ದೇ ಆವಾಗ. ಆಟ ಶುರುವಾಗುವ ಹೊತ್ತಿಗೆ ಮೆನು ಸೆಟ್ ಮಾಡ್ತಾ ಕೂತಿದ್ದೆ, ಮುಗಿಯುವ ಹೊತ್ತಿಗೆ ಕಾರ್ಡ್ ತುಂಬಿತ್ತು. ಅವರು ವೇಷ ಬಿಟ್ಟಾಗಿತ್ತು, ಆ ಚುಟ್ಟಿ ಇನ್ನು ತೆಗೀಲಿಕ್ಕೆ ಸಿಗುವುದಿಲ್ಲ. ಬೇರೆಯವರದ್ದಾದರೂ ತೆಗೀತೇನೆ ಅಂತ ಹೊರಟೆ, 2020 ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಮೇಳಗಳೆಲ್ಲ ಅರ್ಧಕ್ಕೆ ತಿರುಗಾಟ ನಿಲ್ಲಿಸಿದ್ವು.

ಹಾಗಾಗಿ ಮೊದಲು ಇದು ಹೇಳಿ: ನಿಮ್ಮ ಮೇಳದಲ್ಲಿ ಅರುವತ್ತು ದಾಟಿದವರು ಎಷ್ಟು ಜನ ಇದ್ದಾರೆ? ಅವರು ಮುಂದಿನ ವರ್ಷ ಇರ್ತಾರಾ ಅಂತ ಕೇಳಿಕೊಂಡು ಆಮೇಲೆ ಕ್ಯಾಮೆರಾ ಮಾರಿ.

ಹೊಸ ಕ್ಯಾಮೆರಾ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಬೇಡಿ. ವೇಷ ಇಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಗೆ ಸದ್ದಿಲ್ಲದ ಶಟರ್ ಅಂದ್ರೆ ವರ, ಅರ್ಥಧಾರಿ ಮಾತು ನಿಲ್ಲಿಸಿ ಉಸಿರು ತಗೊಳ್ಳುವಾಗ ಡಿಎಸ್‌ಎಲ್‌ಆರ್ ಕನ್ನಡಿ ಟಪ್ ಅಂದ್ರೆ ಎದುರಿಗೆ ಕೂತವರೆಲ್ಲ ತಿರುಗಿ ನೋಡ್ತಾರೆ. ವ್ಯೂಫೈಂಡರ್‌ನಲ್ಲೇ ಎಕ್ಸ್‌ಪೋಶರ್ ಕಾಣುವುದು ಕತ್ತಲೆಯಲ್ಲಿ ದೊಡ್ಡ ಉಪಕಾರ. ಕಣ್ಣನ್ನೇ ಹುಡುಕಿ ಹಿಡಿಯುವ ಐ ಆಟೋಫೋಕಸ್ ಸ್ತ್ರೀವೇಷ, ಪುಂಡುವೇಷಕ್ಕೆ (ತರುಣ ವೀರರ ಪಾತ್ರ) ಚಂದ ಹಿಡೀತದೆ, ಆದ್ರೆ ಬಣ್ಣದ ವೇಷಕ್ಕೆ ನನ್ನದು ಈಗಲೂ ತಪ್ಪಿ ಕಿರೀಟಕ್ಕೆ ಹೋಗ್ತದೆ, ಅಲ್ಲಿ ಸಿಂಗಲ್ ಪಾಯಿಂಟ್ ಇಟ್ಕೊಳ್ಳಿ. ಆದ್ರೆ ಇದೆಲ್ಲ ರಂಗಸ್ಥಳದ್ದು. ಚೌಕಿಯಲ್ಲಿ ಕೂತ ಮನುಷ್ಯ ಕೂತಲ್ಲೇ ಇರ್ತಾನೆ, ಬಣ್ಣ ಹಚ್ಚುವ ಕೈ ನಿಧಾನ ಇರ್ತದೆ, ಅದಕ್ಕೆ 1959ರ ನಿಕಾನ್ ಎಫ್ ಸಾಕಿತ್ತು, ನಿಮ್ಮ ಡಿ7200 ಬೇಕಾದಷ್ಟಾಯ್ತು. ನಾವು ಕೊಡುವ ಹೆಚ್ಚಿನ ದುಡ್ಡು ಹೋಗುವುದು ಧಿಗಿಣಕ್ಕೆ, ಅಂದ್ರೆ ವೇಷ ಹಾರಿ ಸುತ್ತುವ ಕುಣಿತಕ್ಕೆ. ಧಿಗಿಣದ ಫೋಟೋ ಈ ಗುಂಪಿನಲ್ಲಿ ದಿನಕ್ಕೆ ಹತ್ತು ಬರ್ತದೆ, ವೇಷಧಾರಿಯ ಹೆಸರು ತೆಗೆದ್ರೆ ಯಾವುದು ಯಾರದ್ದು ಅಂತ ಹೇಳ್ಲಿಕ್ಕಾಗ್ತದಾ?

ಧಿಗಿಣಕ್ಕೂ ಬರ್ಸ್ಟ್ (ಒಂದೇ ಸಮನೆ ಹೊಡೆಯುವುದು) ಬೇಕು ಅಂತ ಇಲ್ಲ. ಡಿ7200 ಸೆಕೆಂಡಿಗೆ ಆರು ಹೊಡೀತದೆ, ಅದನ್ನೂ ಬಿಡಿ, ಸಿಂಗಲ್‌ನಲ್ಲಿ ಇಟ್ಟು ಚೆಂಡೆ ಕೇಳಿ. ಕುಣಿತದ ಬಿಡ್ತಿಗೆ ಎನ್ನುವ ಚೆಂಡೆ ಪೆಟ್ಟು ಬಂದು ಮುಕ್ತಾಯ ಆಗುವಲ್ಲಿ ವೇಷ ಒಂದು ಕ್ಷಣ ನಿಲ್ತದೆ, ಮುಖ ಪೂರ್ತಿ ತುಂಬಿರ್ತದೆ, ಅದು ಫೋಟೋ. ಹತ್ತು ಆಟ ಕೂತು ಕೇಳಿದ್ರೆ ಬೆರಳು ತಾನೇ ಒತ್ತುತ್ತದೆ. ಪ್ರಸಂಗ ಓದಿಕೊಂಡು ಹೋಗಿ ಅಂತ ಬೇರೆ ಹೇಳ್ಬೇಕಾ?

ರಂಗಸ್ಥಳದ ಎಲ್‌ಇಡಿ ಲೈಟಿನ ವಿಷಯ ಯಾರೂ ಹೇಳ್ಲಿಲ್ಲ, ಮಿರರ್‌ಲೆಸ್‌ಗೆ ಹೋಗುವವರು ಇದು ಗೊತ್ತಿಟ್ಟುಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಜ್, ಲೈಟು ಸೆಕೆಂಡಿಗೆ 100 ಸಲ ಮಿಟುಕ್ತದೆ. ಸೈಲೆಂಟ್ ಶಟರ್ ಹಾಕಿದ್ರೆ ಸೆನ್ಸರ್ ಸಾಲು ಸಾಲಾಗಿ ಓದುವುದ್ರಿಂದ ಫೋಟೋ ಮೇಲೆ ಕಪ್ಪು ಪಟ್ಟಿ ಬರ್ತದೆ, ಚೆಂಡೆ ಕೋಲು ಬಾಳೆಕಾಯಿ ಹಾಗೆ ಬಗ್ತದೆ. ನನ್ನ ಮೊದಲ ಆಟದಲ್ಲೇ ನಾನೂರು ಫ್ರೇಮ್ ಹೀಗೆ ಹೋಯ್ತು. ರಂಗಸ್ಥಳಕ್ಕೆ ಮೆಕ್ಯಾನಿಕಲ್ ಶಟರ್, 1/100 ಅಥವಾ 1/50. ಕೆಲವು ಸ್ಟೇಜ್ ಎಲ್‌ಇಡಿ ಡಿಮ್ಮರ್ ಬೇರೆಯೇ ವೇಗದಲ್ಲಿ ಮಿಟುಕ್ತದೆ, ಅಲ್ಲಿ 100ಕ್ಕೂ ಪಟ್ಟಿ ಬರಬಹುದು, ಎರಡು ಟೆಸ್ಟ್ ಹೊಡೆದು ಝೂಮ್ ಮಾಡಿ ನೋಡಿ. ಝಡ್9ನಂಥದ್ರಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ, ಆದ್ರೆ ಓದುವ ವೇಗ ತುಂಬ ಜಾಸ್ತಿ ಇರುವುದ್ರಿಂದ ಕೋಲು ಬಗ್ಗುವ ತೊಂದರೆ ಕಮ್ಮಿ, ಅದು ನಮ್ಮ ಬಜೆಟ್ ಅಲ್ಲ. ಇನ್ನೊಂದು, ಕೆಂಪು-ನೀಲಿ ಪಾರ್ ಲೈಟ್ ಹಾಕಿದಲ್ಲಿ ರೆಡ್ ಚಾನೆಲ್ ಸುಟ್ಟು ಮುಖ ಪ್ಲಾಸ್ಟಿಕ್ ಆಗ್ತದೆ. ರಾ (RAW) ಫೈಲಿನಲ್ಲೇ ತೆಗೀರಿ, ಎಕ್ಸ್‌ಪೋಶರ್ ಮೂರನೇ ಎರಡು (2/3) ಸ್ಟಾಪ್ ಕಮ್ಮಿ ಮಾಡಿ, ಹಿಸ್ಟೋಗ್ರಾಮ್ ಮೂರು ಬಣ್ಣದ್ದು ಬೇರೆ ಬೇರೆ ನೋಡಿ. ಅಜ್ಜಂದಿರು ದೊಂದಿ ಬೆಳಕಲ್ಲಿ ಆಟ ನೋಡಿದ್ರು, ಆಮೇಲೆ ಗ್ಯಾಸ್‌ಲೈಟ್, ಟ್ಯೂಬು, ಹ್ಯಾಲೊಜನ್ ಬಂತು, ಬಣ್ಣಗಾರಿಕೆ ಪ್ರತಿ ಬೆಳಕಿಗೂ ಸ್ವಲ್ಪ ಸ್ವಲ್ಪ ಬದಲಾಗ್ತಾ ಬಂದಿದೆ, ಇದನ್ನು ಹಿರಿಯ ಕಲಾವಿದರ ಹತ್ರ ಕೇಳಿ, ನಿಮ್ಮ ಸ್ಟೋರಿಗೆ ಅದೇ ಒಂದು ಭಾಗ ಆಗ್ತದೆ.

ಲೆನ್ಸ್ ವಿಷಯ. ನಿಕಾನ್ ಝಡ್‌ಗೆ ಹೋಗಿ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಹಳೇ ಲೆನ್ಸ್ ಎಲ್ಲ ನಡೀತದೆ ಅಂತ ಒಬ್ರು ಮೇಲೆ ಹೇಳಿದ್ದಾರೆ, ಅರ್ಧ ಸತ್ಯ ಹೇಳ್ಬೇಡಿ ಮಾರಾಯ್ರೆ. ನಿಮ್ಮ 18-140 ಎಎಫ್-ಎಸ್, ಅಂದ್ರೆ ಒಳಗೇ ಮೋಟಾರ್ ಇರುವುದು, ಅದು ಆಟೋಫೋಕಸ್ ಆಗ್ತದೆ. 50 1.8ಡಿಗೆ ಒಳಗೆ ಮೋಟಾರ್ ಇಲ್ಲ, ಡಿ7200 ಬಾಡಿಯಲ್ಲಿರುವ ಮೋಟಾರ್ ಅದನ್ನು ತಿರುಗಿಸ್ತದೆ, ಅಡಾಪ್ಟರ್‌ನಲ್ಲಿ ಆ ಮೋಟಾರ್ ಇಲ್ಲ, ಎರಡನೇ ವರ್ಶನ್‌ನಲ್ಲೂ ಇಲ್ಲ. ಮ್ಯಾನುಯಲ್ ಫೋಕಸ್ ಮಾಡ್ತಾ ಕೂರ್ಬೇಕು. 18-140 ಎಪಿಎಸ್-ಸಿ (ಸಣ್ಣ ಸೆನ್ಸರಿನ) ಲೆನ್ಸ್ ಆದ್ದರಿಂದ ಫುಲ್‌ಫ್ರೇಮ್ ಬಾಡಿ ಅದನ್ನು ಕ್ರಾಪ್ ಮಾಡಿ 24 ಮೆಗಾಪಿಕ್ಸೆಲನ್ನು ಹತ್ತಕ್ಕೆ ಇಳಿಸ್ತದೆ, ಅಂದ್ರೆ ಲೆನ್ಸಿಗೂ ಹೊಸ ದುಡ್ಡು. ಕ್ಯಾನನ್ ಇಎಫ್‌ನವರಿಗೆ ಈ ವಿಷಯದಲ್ಲಿ ಆರಾಮ, ಅಡಾಪ್ಟರ್‌ನಲ್ಲಿ ಚೆನ್ನಾಗಿ ನಡೀತದೆ. ಸೋನಿಗೆ ಸಿಗ್ಮಾ, ಟ್ಯಾಮ್ರಾನ್ ಬೇಕಾದಷ್ಟು ಉಂಟು, ಬಣ್ಣ ನನಗೆ ಇಷ್ಟ ಇಲ್ಲ, ಆದ್ರೆ ಅದು ನನ್ನ ಕಣ್ಣಿನ ಮಾತು.

ನನ್ನ ಈಗಿನ ಪದ್ಧತಿ ಹೇಳ್ತೇನೆ. ಒಂದು ಆಟಕ್ಕೆ 36 ಫ್ರೇಮ್. ಬ್ಯಾಗ್‌ನಲ್ಲಿ ಕಾರ್ಡ್ 128 ಜಿಬಿ ಇದ್ರೂ 36 ಮಾತ್ರ. ಆಟಕ್ಕೆ ಮೊದಲು ಚೌಕಿಯಲ್ಲಿ ಹನ್ನೆರಡು, ರಂಗಸ್ಥಳದಲ್ಲಿ ಹನ್ನೆರಡು, ಮಂಗಳ ಹಾಡಿ ಆಟ ಮುಗಿದ ಮೇಲೆ ಹನ್ನೆರಡು, ಅಂದ್ರೆ ಬಣ್ಣ ಒರೆಸುವುದು, ಗೆಜ್ಜೆ ಬಿಚ್ಚಿದ ಕಾಲಿನ ಗುರುತು, ಪೆಟ್ಟಿಗೆ ಲಾರಿಗೆ ಏರಿಸುವುದು, ಬಸ್ಸಲ್ಲಿ ಮಲಗಿದ ಭಾಗವತರು. ಹಿಂದಿನ ಸ್ಕ್ರೀನ್ ಆಫ್. ಲೈಟಿನ ಟೆಸ್ಟ್ ಶಾಟ್ ಲೆಕ್ಕಕ್ಕಿಲ್ಲ. ಮದುವೆಗೆ ಇದು ಮಾಡ್ಬೇಡಿ, ದುಡ್ಡು ಕೊಟ್ಟವರು ಬಿಡುವುದಿಲ್ಲ. ಹಕ್ಕಿ ಫೋಟೋಕ್ಕೂ ಆಗುವುದಿಲ್ಲ. ಇಡೀ ರಾತ್ರಿ ಇಲ್ಲದ ಕಾಲಮಿತಿ ಆಟದಲ್ಲಿ ಚೌಕಿ ತುಂಬ ಗಡಿಬಿಡಿ, ಅಲ್ಲಿ ಹದಿನೈದು-ಒಂಬತ್ತು-ಹನ್ನೆರಡು ಮಾಡ್ತೇನೆ. ಮೊದಲ ತಿಂಗಳು ಕಷ್ಟ ಆಗ್ತದೆ, ಕೈ ತುರಿಸ್ತದೆ, ಆಮೇಲೆ ಕ್ಯಾಮೆರಾ ಇಳಿಸಿ ಸುಮ್ಮನೆ ಕೂರುವುದು ಅಭ್ಯಾಸ ಆಗ್ತದೆ. ಕೂತವನ ಹತ್ರ ಕಲಾವಿದರು ಮಾತಾಡ್ತಾರೆ, ಅಲ್ಲಿಂದಲೇ ಸ್ಟೋರಿ ಬರುವುದು.

1946ರಲ್ಲಿ ಲೈಫ್ ಪತ್ರಿಕೆಯ ಮಾರ್ಗರೆಟ್ ಬರ್ಕ್-ವೈಟ್ ಗಾಂಧೀಜಿಯ ಚರಕದ ಫೋಟೋ ತೆಗೀಲಿಕ್ಕೆ ಬಂದಾಗ ಮೊದಲು ನೂಲುವುದು ಕಲಿಯಿರಿ ಅಂತ ಗಾಂಧೀಜಿಯ ಕಾರ್ಯದರ್ಶಿ ಹೇಳಿದ್ರು, ಕಲಿತ ಮೇಲೆ ಕೊಟ್ಟದ್ದು ಮೂರೇ ಫ್ಲಾಶ್ ಬಲ್ಬಿನ ಅವಕಾಶ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಮಕ್ಕಳ ಫೋಟೋಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನ ಆದದ್ದು, ಅದ್ರ ಮುಂದೆ ನಿಂತವರು ಯಾರೂ ಯಾವ ಬಾಡಿ ಅಂತ ಕೇಳಿರ್ಲಿಕ್ಕಿಲ್ಲ.

ಸಣ್ಣ ಸಣ್ಣದ್ದು ಇನ್ನೂ ಉಂಟು. ಹೆಸರು ಬರೀರಿ. ಯಾರು, ಯಾವ ಊರು, ಯಾವ ತಾರೀಕು, ಯಾವ ಪ್ರಸಂಗ, ಆಟ ಆಡಿಸಿದ ಸೇವೆ ಯಾರದ್ದು. ಆ ಕನ್ನಡಿ ಹಿಡಿದ ಹುಡುಗನ ಹೆಸರು ನಾನು ಬರ್ದಿರ್ಲಿಲ್ಲ, ಹಿರಿಯರಿಗೆ ನೆನಪಿತ್ತು, ನಾಳೆ ಯಾರ ಹತ್ರ ಕೇಳುವುದು? ಫೋಟೋ ಫೈಲಿನ ಒಳಗೇ ಕ್ಯಾಪ್ಶನ್ ಹಾಕಿ, ವಾಟ್ಸಾಪಿನಲ್ಲಿ ಹೋದ್ರೆ ಅದು ಕಳೆದುಹೋಗ್ತದೆ, ಹಾಗಾಗಿ ಒಂದು ನೋಟ್‌ಬುಕ್ಕಲ್ಲೂ ಬರೀರಿ. ಹಾರ್ಡ್‌ಡಿಸ್ಕ್ ಎರಡು, ಒಂದು ಬೇರೆ ಮನೆಯಲ್ಲಿ. ಪ್ರಿಂಟ್ ಹಾಕಿಸಿ ಕಲಾವಿದರಿಗೆ ಕೊಡಿ, ಕೊಡದೆ ಸ್ಪರ್ಧೆಗೆ ಮಾತ್ರ ಕಳಿಸುವವರನ್ನು ಚೌಕಿಯವರು ಗುರುತು ಇಟ್ಟುಕೊಂಡಿದ್ದಾರೆ.

ಈಗ ಹೊಸ ಹುಚ್ಚು ಒಂದು, ಎಐಯಲ್ಲಿ ಹಿಂದಿನ ವಯರು, ಪ್ಲಾಸ್ಟಿಕ್ ಕುರ್ಚಿ, ನೀರಿನ ಬಾಟ್ಲಿ ಎಲ್ಲ ಅಳಿಸುವುದು. ಮಾಡ್ಬೇಡಿ, ಕೈ ಮುಗೀತೇನೆ. ನನ್ನ 98ರ ಫೋಟೋದಲ್ಲಿ ಆ ಟ್ಯೂಬ್‌ಲೈಟ್ ಅಳಿಸಿದ್ರೆ ಅದು ಯಾವ ಕಾಲದ ಚೌಕಿ ಅಂತ ಗೊತ್ತಾಗುವುದು ಹೇಗೆ? ಎಐ ಶಾರ್ಪನಿಂಗ್ ಚುಟ್ಟಿಯ ಮುಳ್ಳನ್ನು ಗಾರೆ ಮೆತ್ತಿದ ಹಾಗೆ ಮಾಡ್ತದೆ, ಒಬ್ಬೊಬ್ಬರ ಚುಟ್ಟಿ ಇಡುವ ಕೈ ಬೇರೆ, ಅದೇ ಹೋದ್ರೆ ಉಳಿಯುವುದು ಎಂತ? ನಾಯ್ಸ್ ಇದ್ರೆ ಇರ್ಲಿ, ಐಎಸ್‌ಒ 3200, 6400 ಧೈರ್ಯವಾಗಿ ಹಾಕಿ.

ಲೆನ್ಸ್ ಚರ್ಮದ ಪೌಚಲ್ಲಿ ಇಡ್ಬೇಡಿ, ನಮ್ಮ ಕರಾವಳಿ ಹವೆಗೆ ಒಂದೇ ಮಳೆಗಾಲಕ್ಕೆ ಫಂಗಸ್. ಗಾಳಿ ಆಡದ ಡಬ್ಬ, ಸಿಲಿಕಾ ಜೆಲ್, ಸಣ್ಣ ಹೈಗ್ರೋಮೀಟರ್, 40ರಿಂದ 50 ಪರ್ಸೆಂಟ್ ಒಳಗೆ ಇರ್ಲಿ. ಅಕ್ಕಿ ಹಾಕ್ಬೇಡಿ, ಅಕ್ಕಿಯ ಧೂಳು ಬೇರೆ ರೋಗ.

ನಿಮಗೆ ಈಗ ಬೇಕಾದದ್ದು ಸೆನ್ಸರ್ ಕ್ಲೀನಿಂಗ್, ಒಂದು ಹೆಚ್ಚಿನ ಬ್ಯಾಟರಿ, ಆ 50 ಎಂಎಂ. ಎಪಿಎಸ್-ಸಿಯಲ್ಲಿ ಅದು 75ರ ಹಾಗೆ ಕಾಣ್ತದೆ, ಚೌಕಿ ಇಕ್ಕಟ್ಟಾದ್ರೆ ಬೆನ್ನಿಗೆ ಚೌಕಿಯ ತಟ್ಟಿಗೋಡೆ ತಾಗುವಷ್ಟು ಹಿಂದೆ ಹೋಗಿ, ಆಗದಿದ್ರೆ 18-140ನ್ನು 18ರಲ್ಲಿ ಇಟ್ಟು ತೆಗೀರಿ. ಮೇಳದ ಮೆನೇಜರ್ ಹತ್ರ ಮೊದಲೇ ಮಾತಾಡಿ ಒಪ್ಪಿಗೆ ತಗೊಳ್ಳಿ, ಚೌಕಿಯಲ್ಲಿ ದೇವರ ಪೂಜೆ ಆಗುವ ಜಾಗಕ್ಕೆ ಚಪ್ಪಲಿ ಹಾಕಿ ಹೋಗ್ಬೇಡಿ, ಫ್ಲಾಶ್ ಮನೆಯಲ್ಲೇ ಬಿಡಿ. ತಿರುಗಾಟ ಹೊರಡುವ ದಿನ ದೇವಸ್ಥಾನದಲ್ಲಿ ಗೆಜ್ಜೆ ಕಟ್ಟುವುದು ವರ್ಷಕ್ಕೆ ಒಂದೇ ಸಲ, ತಪ್ಪಿದ್ರೆ ಇನ್ನೊಂದು ವರ್ಷ. ತಾರೀಕು ವಿಚಾರಿಸಿ ಇಲ್ಲೇ ಕೆಳಗೆ ಹಾಕಿ, ಅವತ್ತು ನಾನೂ ಬರ್ತೇನೆ.